‘ಚಾರ್ಜ್’ ಅಂದ್ರ ಯಾವ ಚಾರ್ಜ್? ಪದೇ ಪದೇ ಕೇಳುವ ಪ್ರಶ್ನೆಗಳು

“ಬ್ಯಾಟರಿ ಚಾರ್ಜ್ ಮಾಡಾಕ ಎಷ್ಟ ಚಾರ್ಜ್ ಮಾಡ್ತೀರಿ?” ಬೆಳಗಾವಿಯ ಯಾವ ಬ್ಯಾಟರಿ ಅಂಗಡಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಕೇಳಿದವನಿಗೂ ಗೊಂದಲವಿಲ್ಲ, ಹೇಳುವವನಿಗೂ ಇಲ್ಲ. ಅದೇ ಶಬ್ದ ಹೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ, ಕಚೇರಿ ಆದೇಶದಲ್ಲಿ, ಬ್ಯಾಂಕಿನ ಕರಾರಿನಲ್ಲಿ, ಕೋರ್ಟಿನ ಕಾಗದದಲ್ಲಿ ಬಂದಾಗ ಮಾತ್ರ ತಲೆ ಕೆರೆದುಕೊಳ್ಳುವಂತಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಒಂದ ಶಬ್ದಕ್ಕ ಇಷ್ಟೆಲ್ಲಾ ಅರ್ಥ ಹೆಂಗ ಬಂದ್ವು?

ಬೇರು ಲ್ಯಾಟಿನ್ನಿನದು. ‘ಕಾರಸ್’ ಅಂದರೆ ಗಾಡಿ. ಅದರಿಂದ ‘ಕ್ಯಾರಿಕಾರೆ’, ಗಾಡಿಗೆ ಸರಕು ಹೇರುವುದು. ಅದು ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ‘ಕಾರ್’, ‘ಕಾರ್ಗೋ’ ಇವೂ ಅದೇ ಮನೆತನದವು. ಅಂದರೆ ನಾವು ಕಬ್ಬಿನ ಗಾಡಿ ಹೇರುತ್ತೇವಲ್ಲ, ಆ ‘ಹೇರು’ವ ಕೆಲಸವೇ ಈ ಶಬ್ದದ ಮೂಲ. ಗಿರಾಕಿಯ ಮೇಲೆ ಹಣ ಹೇರಿದರೆ ಶುಲ್ಕ. ನೌಕರನ ಮೇಲೆ ಕೆಲಸ ಹೇರಿದರೆ ಹೊಣೆ. ಒಬ್ಬನ ಮೇಲೆ ತಪ್ಪು ಹೊರಿಸಿದರೆ ಆರೋಪ. ತೋಪಿಗೆ ಮದ್ದು ತುಂಬಿದರೂ ಚಾರ್ಜ್, ಬ್ಯಾಟರಿಗೆ ಕರೆಂಟ್ ತುಂಬಿದರೂ ಚಾರ್ಜ್.

ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ ಅನ್ನುವುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಕಚೇರಿಯ ‘ಪ್ರಭಾರ’ದೊಳಗೆ ಭಾರ ಕೂತಿದೆ. ಹೊಲದ ಉತಾರದ (ಪಹಣಿಯ) ಮೇಲಿನ ‘ಬೋಜಾ’ ಅಂದರೆ ಹೊರೆಯೇ. ‘ಆರೋಪ’ ಅನ್ನುವುದು ‘ಏರಿಸು, ಮೇಲಿಡು’ ಎಂಬ ಸಂಸ್ಕೃತ ಧಾತುವಿನಿಂದ ಬಂದದ್ದು. ‘ಧ್ವಜಾರೋಹಣ’ದಲ್ಲಿರುವುದೂ ಅದೇ ಧಾತು. ಹಾಗಾಗಿ ಚಾರ್ಜ್ ಎಲ್ಲಿ ಕಂಡರೂ ‘ಯಾರ ಮೇಲೆ ಏನು ಹೇರಿದ್ದಾರೆ?’ ಎಂದು ಕೇಳಿಕೊಳ್ಳಿ, ಹತ್ತರಲ್ಲಿ ಒಂಬತ್ತು ಸಲ ಅರ್ಥ ತಾನಾಗಿ ಸಿಗುತ್ತದೆ. ಹತ್ತನೆಯದು ಮೈಮೇಲೆ ನುಗ್ಗುವ ಚಾರ್ಜ್. ಅದರ ಮಾತು ಮುಂದೆ ಬರುತ್ತದೆ.

‘ಬಸ್ ಚಾರ್ಜ್’ ಅಂತ ಇಂಗ್ಲಿಷಿನ್ಯಾಗ ಬರದ್ರ ಮಾರ್ಕ್ಸ್ ಕಟ್ ಮಾಡ್ತಾರ. ಯಾಕ?

ಯಾಕೆಂದರೆ ಅದು ನಮ್ಮ ಕನ್ನಡದ ಚಾರ್ಜ್. ಬಸ್ಸು, ರೈಲು, ಆಟೋದಲ್ಲಿ ಕುಳಿತು ಹೋಗಲು ಕೊಡುವ ದುಡ್ಡಿಗೆ ಇಂಗ್ಲಿಷಿನಲ್ಲಿ ‘ಫೇರ್’. ಡಾಕ್ಟರು, ವಕೀಲರು, ಶಾಲೆಗೆ ಕೊಡುವುದು ‘ಫೀ’. ಮನೆ ಬಾಡಿಗೆ ‘ರೆಂಟ್’. ಹತ್ತರಗಿ ಟೋಲ್ ನಾಕಾದಲ್ಲಿ ಕಟ್ಟುವುದು ‘ಟೋಲ್’. ವಸ್ತುವಿನ ಬೆಲೆ ‘ಪ್ರೈಸ್’. ಇವುಗಳಲ್ಲಿ ಯಾವುದಕ್ಕೂ ಸೇರದ, ಒಂದು ಸೇವೆಗೆ ಕೇಳುವ ದುಡ್ಡು ‘ಚಾರ್ಜ್’: ಡೆಲಿವರಿ ಚಾರ್ಜ್, ಕೊರಿಯರ್ ಚಾರ್ಜ್, ಬಂಗಾರದ ಅಂಗಡಿಯ ಮೇಕಿಂಗ್ ಚಾರ್ಜ್ (ನಮ್ಮ ಮಜೂರಿ).

ಕ್ರಿಯಾಪದವಾಗಿ ಬಳಸುವಾಗ ನಮ್ಮವರು ಮಾಡುವ ತಪ್ಪು ಬೇರೆ. ‘ನನ್ನ ಕಡೆಯಿಂದ ಐವತ್ತು ರೂಪಾಯಿ ತೊಗೊಂಡ’ ಎಂದು ಕನ್ನಡದಲ್ಲಿ ಯೋಚಿಸಿ ‘ಹಿ ಚಾರ್ಜ್ಡ್ ಫಿಫ್ಟಿ ರುಪೀಸ್ ಫ್ರಮ್ ಮಿ’ ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಆ ‘ಫ್ರಮ್’ ಬೇಡ. ಯಾರ ಮೇಲೆ ಹೇರಿದರೋ ಅವರು ಕ್ರಿಯಾಪದದ ಬೆನ್ನಿಗೇ ಬರಬೇಕು, ಯಾತಕ್ಕಾಗಿ ಅನ್ನುವುದಕ್ಕೆ ‘ಫಾರ್’ ಸೇರಬೇಕು: ‘ಹಿ ಚಾರ್ಜ್ಡ್ ಮಿ ಫಿಫ್ಟಿ ರುಪೀಸ್ ಫಾರ್ ದಿ ಕವರ್’. ಪುಕ್ಕಟೆ ಎನ್ನಲು ‘ಫ್ರೀ ಆಫ್ ಚಾರ್ಜ್’. ಇಲ್ಲಿ ‘ಚಾರ್ಜಸ್’ ಎಂದು ಬಹುವಚನ ಮಾಡಬೇಡಿ.

ತಣ್ಣನ ಬಾಟಲಿಗೆ ‘ಕೂಲಿಂಗ್ ಚಾರ್ಜ್’, ಹೋಟೆಲಿನ್ಯಾಗ ‘ಸರ್ವಿಸ್ ಚಾರ್ಜ್’. ಕೊಡಬೇಕ ಏನ್ರಿ?

ಎರಡನ್ನೂ ಕೊಡುವ ಬಾಧ್ಯತೆ ಇಲ್ಲ, ಆದರೆ ಕಾರಣ ಬೇರೆಬೇರೆ.

ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವ ಎಂಆರ್‌ಪಿ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಫ್ರಿಜ್ಜಿನಲ್ಲಿಟ್ಟ ನೆಪ ಹೇಳಿ ಎರಡು ರೂಪಾಯಿ ಜಾಸ್ತಿ ಕೇಳುವುದು 2011ರ ಪ್ಯಾಕೇಜ್ ಸಾಮಗ್ರಿ ನಿಯಮಗಳಿಗೆ ವಿರುದ್ಧ. ಇಂಗ್ಲಿಷಿನಲ್ಲಿ ಇದಕ್ಕೆ ‘ಓವರ್‌ಚಾರ್ಜ್’, ಅಂದರೆ ಅಳತೆ ಮೀರಿ ಹೇರುವುದು. ದೂರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಕೊಡಬಹುದು; ಬಿಲ್ಲಿಲ್ಲದಿದ್ದರೆ ಮಾತ್ರ ದೂರು ನಿಲ್ಲುವುದು ಕಷ್ಟ. ಎರಡು ರೂಪಾಯಿಗೆ ಬಿಲ್ ಕೊಡದ ಅಂಗಡಿಯಲ್ಲಿ ಯುಪಿಐ ಮೂಲಕ ಕೊಟ್ಟರೆ ಅದೊಂದು ದಾಖಲೆಯಾದರೂ ಉಳಿಯುತ್ತದೆ.

ಸರ್ವಿಸ್ ಚಾರ್ಜ್ ಸರ್ಕಾರದ ತೆರಿಗೆ ಅಲ್ಲ, ಹೋಟೆಲಿನವರೇ ಬರೆದುಕೊಳ್ಳುವ ಬಕ್ಷೀಸು. ಗ್ರಾಹಕರ ಇಷ್ಟವಿಲ್ಲದೆ ಅದನ್ನು ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು; 2025ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಜಿಎಸ್‌ಟಿ ಸಾಲು ಬೇರೆ, ಸರ್ವಿಸ್ ಚಾರ್ಜ್ ಸಾಲು ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಜಿಎಸ್‌ಟಿ ಕೊಡುವುದಿಲ್ಲ ಎಂದು ಜಗಳಕ್ಕೆ ನಿಲ್ಲಬೇಡಿ. ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಿ. ನಮ್ಮ ರೊಟ್ಟಿ ಖಾನಾವಳಿಗಳಲ್ಲಿ ಈ ತಕರಾರು ಹುಟ್ಟುವುದೇ ಇಲ್ಲ ಬಿಡಿ.

ಮನಿ ಕೀಲಿ ಹಾಕಿ ಮೂರು ತಿಂಗಳಾತು. ಮೀಟರ್ ತಿರುಗಿಲ್ಲ. ಹೆಸ್ಕಾಂ ಬಿಲ್ ಯಾಕ ಬಂತು?

ಬಿಲ್ಲಿನಲ್ಲಿ ಮುಖ್ಯವಾಗಿ ಎರಡು ಚಾರ್ಜ್‌ಗಳಿರುತ್ತವೆ. ‘ಎನರ್ಜಿ ಚಾರ್ಜ್’ ನೀವು ಸುಟ್ಟ ಯೂನಿಟ್ಟಿಗೆ. ಮೀಟರ್ ತಿರುಗದಿದ್ದರೆ ಅದು ಸೊನ್ನೆ. ‘ಫಿಕ್ಸೆಡ್ ಚಾರ್ಜ್’ ನಿಮ್ಮ ಹೆಸರಿನಲ್ಲಿ ಮಂಜೂರಾದ ಕಿಲೋವ್ಯಾಟ್ ಲೆಕ್ಕದ್ದು. ನೀವು ಯಾವತ್ತು ಸ್ವಿಚ್ ಒತ್ತಿದರೂ ಅಷ್ಟು ಕರೆಂಟ್ ಕೊಡಲು ಟ್ರಾನ್ಸ್‌ಫಾರ್ಮರ್, ತಂತಿ ಎಲ್ಲ ಸಜ್ಜಾಗಿರಬೇಕಲ್ಲ, ಅದರ ಹೊರೆ. ಹಾಗಾಗಿ ಬೀಗ ಹಾಕಿದ ಮನೆಗೂ ಅದು ಬರುತ್ತದೆ.

ಕಡಿಮೆ ಮಾಡುವುದು ಹೇಗೆ? ಮೊದಲು ಬಿಲ್ಲಿನಲ್ಲಿ ‘ಸ್ಯಾಂಕ್ಷನ್ಡ್ ಲೋಡ್’ ಎಷ್ಟಿದೆ ನೋಡಿ. ಎರಡು ಬಲ್ಬು, ಒಂದು ಫ್ಯಾನ್ ಇರುವ ಮನೆಗೆ 3 ಕಿಲೋವ್ಯಾಟ್ ಇದ್ದರೆ ಲೋಡ್ ಇಳಿಸಲು ಉಪವಿಭಾಗ ಕಚೇರಿಗೆ ಅರ್ಜಿ ಕೊಡಬಹುದು. ಆದರೆ ಇಳಿಸಿದ ಮೇಲೆ ಗೀಸರ್, ಏಸಿ ಹಾಕಿ ಮಿತಿ ದಾಟಿದರೆ ದಂಡದ ಲೆಕ್ಕ ಬೀಳುತ್ತದೆ. ವರ್ಷಗಟ್ಟಲೆ ಯಾರೂ ಇರುವುದಿಲ್ಲವೆಂದರೆ ಮೀಟರ್ ಒಪ್ಪಿಸಿಬಿಡುವುದೇ ಸರಿ. ಗೃಹಜ್ಯೋತಿಯಲ್ಲಿರುವವರಿಗೆ ಅರ್ಹ ಯೂನಿಟ್ ಒಳಗಿದ್ದರೆ ಬಿಲ್ಲು ಸೊನ್ನೆ; 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲು ನಿಮ್ಮದೇ.

ಬ್ಯಾಟರಿಗೆ ‘ಚಾರ್ಜ್’ ಅನ್ನೋದು ಎಲ್ಲಿಂದ ಬಂತು?

ತೋಪಿನಿಂದ. ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ನೋಡಿದ್ದೀರಲ್ಲ: 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ, ಆನೆಯನ್ನು ನುಂಗುತ್ತಿರುವ ಸಿಂಹದ ಬಾಯಿ. ಅಂಥ ತೋಪಿನ ಬಾಯಿಗೆ ಅಳೆದು ತುಂಬುವ ಮದ್ದಿಗೆ ಇಂಗ್ಲಿಷಿನಲ್ಲಿ ಚಾರ್ಜ್, ಹಾರಿಸಿ ಖಾಲಿ ಮಾಡುವುದು ಡಿಸ್‌ಚಾರ್ಜ್, ಸಾಲಾಗಿ ನಿಲ್ಲಿಸಿದ ತೋಪುಗಳ ಗುಂಪಿಗೆ ಬ್ಯಾಟರಿ. 1740ರ ದಶಕದ ಕೊನೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ತುಂಬಿಡುವ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿದಾಗ ಅದಕ್ಕೂ ‘ಬ್ಯಾಟರಿ’ ಎಂದ. ನಿಮ್ಮ ಟ್ರ್ಯಾಕ್ಟರಿನ ಬ್ಯಾಟರಿಯ ಮೂರೂ ಮಾತು ತೋಪಖಾನೆಯವು. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಲ್ಲಿ ರಂಧ್ರಕ್ಕೆ ಮದ್ದು ತುಂಬುವುದಕ್ಕೂ ಚಾರ್ಜಿಂಗ್ ಅನ್ನುತ್ತಾರೆ, ಅದು ಹಳೆಯ ಅರ್ಥವೇ.

ಹಂಗಾದ್ರ ಟ್ರ್ಯಾಕ್ಟರ್ ಬ್ಯಾಟರಿ ಸರಿಯಾಗಿ ಚಾರ್ಜ್ ಆಗೇತಿ ಅಂತ ತಿಳಿಯೋದು ಹೆಂಗ?

12 ವೋಲ್ಟಿನ ಬ್ಯಾಟರಿಯಲ್ಲಿ ಆರು ಮನೆ (ಸೆಲ್), ಒಂದೊಂದೂ ಸುಮಾರು 2.1 ವೋಲ್ಟ್. ಚಾರ್ಜರ್ ತೆಗೆದು ಕೆಲವು ತಾಸು ಬಿಟ್ಟು ಮೀಟರ್ ಹಿಡಿದರೆ 12.6 ಅಥವಾ 12.7 ತೋರಿಸಬೇಕು. 11.9ರ ಹತ್ತಿರ ಇದ್ದರೆ ಅದು ಖಾಲಿ. ಚಾರ್ಜರ್ ತೆಗೆದ ಕೂಡಲೇ ಹಿಡಿದರೆ 13ರ ಮೇಲೆ ತೋರಿಸಿ ಮೋಸ ಮಾಡುತ್ತದೆ. ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದವರು ಆರೂ ಮನೆ ನೋಡಲಿ: ತುಂಬಿದ ಆ್ಯಸಿಡ್ 1.26ರಿಂದ 1.28. ಐದು ಮನೆ ಸರಿಯಿದ್ದು ಒಂದೇ ಮನೆ ತೀರಾ ಕೆಳಗಿದ್ದರೆ ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ, ಆ ಮನೆ ಸತ್ತಿದೆ.

ಕರೆಂಟು ಆಂಪಿಯರ್-ಅವರಿನ ಹತ್ತನೇ ಒಂದು ಭಾಗ ಇರಲಿ: 80 ಆಂಪಿಯರ್-ಅವರ್ ಬ್ಯಾಟರಿಗೆ 8 ಆಂಪಿಯರ್. ಪೂರ್ತಿ ಖಾಲಿಯಾಗಿದ್ದರೆ 12ರಿಂದ 14 ತಾಸು ಬೇಕು. ಲೆಕ್ಕಕ್ಕೆ ಹತ್ತೇ ತಾಸಾದರೂ ಒಂದಿಷ್ಟು ಶಾಖವಾಗಿ, ಗ್ಯಾಸಾಗಿ ಹೋಗುತ್ತದೆ. ‘ಎರಡ ತಾಸಿನ್ಯಾಗ ಕೊಡ್ತೀನಿ’ ಅನ್ನುವವರು 20–30 ಆಂಪಿಯರ್ ನುಗ್ಗಿಸುತ್ತಾರೆ. ಪ್ಲೇಟ್ ಬಾಗಿ, ಅದರ ಪುಡಿ ಉದುರುತ್ತದೆ. ಇನ್ನು ಅರ್ಧಂಬರ್ಧ ಚಾರ್ಜಿನಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗುತ್ತದೆ. ಹಂಗಾಮು ಮುಗಿದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿದವರ ಬ್ಯಾಟರಿ ಸಾಯುವುದು ಹೆಚ್ಚಾಗಿ ಹೀಗೆಯೇ.

ಬೋರಿನ ನೀರು ಹಾಕಲೇಬೇಡಿ, ಅದರ ಉಪ್ಪು ಪ್ಲೇಟ್ ತಿನ್ನುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ. ಪ್ಲೇಟ್ ಬರಿದಾಗಿದ್ದರೆ ಅದು ಮುಳುಗುವಷ್ಟು ಮೊದಲು ಹಾಕಿ, ಉಳಿದದ್ದನ್ನು ಚಾರ್ಜ್ ಆದ ಮೇಲೆ. ಮೊದಲೇ ತುಂಬಿದರೆ ಕುದಿದು ಹೊರಚೆಲ್ಲುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ, ಹತ್ತಿರ ಬೀಡಿ ಬೇಡ. ಟ್ರ್ಯಾಕ್ಟರಿನಿಂದ ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕಡೆಗೆ; ಇಲ್ಲವಾದರೆ ಪಾನಾ ಟ್ರ್ಯಾಕ್ಟರಿನ ಕಬ್ಬಿಣಕ್ಕೆ ತಾಗಿ ಕಿಡಿ ಹಾರುತ್ತದೆ.

‘ಕೀಪ್ ದಿ ಫೋನ್ ಫಾರ್ ಚಾರ್ಜಿಂಗ್’ ತಪ್ಪಾ?

ಅರ್ಥವಾಗುತ್ತದೆ, ಆದರೆ ಅದು ‘ಚಾರ್ಜಿಗೆ ಇಡು’ ಅನ್ನುವುದರ ನೇರ ಅನುವಾದ. ‘ಪುಟ್ ದಿ ಫೋನ್ ಆನ್ ಚಾರ್ಜ್’ ಅಥವಾ ಬರೇ ‘ಚಾರ್ಜ್ ದಿ ಫೋನ್’ ಸಾಕು.

ಪಿಯು ಪುಸ್ತಕದಾಗ ಚಾರ್ಜಿಗೆ ‘ಆವೇಶ’ ಅಂತಾರ. ಅದೇನು ಮೈಮ್ಯಾಲ ದೇವರು ಬಂದಂಗ?

ಹತ್ತಿರ ಹತ್ತಿರ ಹಾಗೆಯೇ! ‘ಆವೇಶ’ ಅಂದರೆ ಒಳಹೊಗುವುದು. ವಿದ್ಯುದಾವೇಶದಲ್ಲಿ ಧನ, ಋಣ ಎಂದು ಎರಡು ಬಗೆ, ಅಳೆಯುವುದು ಕೂಲಂಬಿನಲ್ಲಿ. ಒಂದು ಆಂಪಿಯರ್ ಕರೆಂಟು ಒಂದು ತಾಸು ಹರಿದರೆ 3,600 ಕೂಲಂಬ್, ಬ್ಯಾಟರಿ ಮೇಲೆ ಬರೆದ ‘ಆಂಪಿಯರ್-ಅವರ್’ ಅದೇ. ಪರೀಕ್ಷೆಯಲ್ಲಿ ‘ಶುಲ್ಕ’ ಎಂದು ಅನುವಾದಿಸಿದವರೂ ಇದ್ದಾರೆ.

ಸಾಹೇಬ್ರು ‘ಚಾರ್ಜ್ ತೊಗೊಂಡ್ರು’, ‘ಇನ್‌ಚಾರ್ಜ್ ಅದಾರ’, ‘ಅಡಿಷನಲ್ ಚಾರ್ಜ್’. ಮೂರೂ ಒಂದನಾ?

ಅಲ್ಲ. ಚಾರ್ಜ್ ತೆಗೆದುಕೊಳ್ಳುವುದು ಅಂದರೆ ಹುದ್ದೆಯ ಕಾರ್ಯಭಾರ ವಹಿಸಿಕೊಳ್ಳುವುದು. ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಪ್ರಭಾರ ಹಸ್ತಾಂತರದ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾರೆ. ಕಚೇರಿ ಮಾತಿನಲ್ಲಿ ಸಿಟಿಸಿ. ಅದರಲ್ಲಿ ದಿನಾಂಕದ ಜೊತೆ ‘ಪೂರ್ವಾಹ್ನ’ವೋ ‘ಅಪರಾಹ್ನ’ವೋ ಎಂದು ಬರೆಯಲು ಮರೆತರೆ ಆ ದಿನದ ಸಂಬಳ ಯಾರದು ಎಂಬ ಪ್ರಶ್ನೆ ಖಜಾನೆಯಲ್ಲಿ ಎದ್ದು ಬಿಲ್ಲು ಹಿಂದಕ್ಕೆ ಬರುತ್ತದೆ. ನಗದು ಪುಸ್ತಕದ ಬಾಕಿ, ಚೆಕ್ ಪುಸ್ತಕ, ರಶೀದಿ ಪುಸ್ತಕಗಳ ಕ್ರಮಸಂಖ್ಯೆ, ಕೀಲಿಕೈ, ಸ್ಟಾಕ್ ವಹಿ ಇವೆಲ್ಲ ಚಾರ್ಜ್ ಪಟ್ಟಿಯಲ್ಲಿರಬೇಕು. ಎಣಿಸದೆ ಸಹಿ ಹಾಕಿದವರು ಆಮೇಲೆ ಆಡಿಟ್‌ನಲ್ಲಿ ಉತ್ತರ ಕೊಡುತ್ತಾರೆ.

ಖಾಯಂ ಅಧಿಕಾರಿ ಇಲ್ಲದ ಹುದ್ದೆಯನ್ನು ನೋಡಿಕೊಳ್ಳುವುದು ಪ್ರಭಾರ. ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ ನಿಯಮ 32ರ ಪ್ರಕಾರ ಸ್ವತಂತ್ರ ಪ್ರಭಾರ. ತನ್ನ ಹುದ್ದೆ ಇಟ್ಟುಕೊಂಡೇ ಇನ್ನೊಂದನ್ನೂ ನೋಡುವುದು ನಿಯಮ 68ರ ಹೆಚ್ಚುವರಿ ಪ್ರಭಾರ. ಆದೇಶ ಕೈಗೆ ಬಂದಾಗ ಯಾವ ನಿಯಮ ಎಂದು ಮೊದಲು ಓದಿ. ಪ್ರಭಾರ ಭತ್ಯೆ ಕೇಳುವಾಗ ಆಧಾರ ಅದೇ.

ಇಂಗ್ಲಿಷ್ ಬರೆಯುವವರಿಗೆ ಒಂದು ಕಿವಿಮಾತು. ‘ಇನ್ ಚಾರ್ಜ್ ಆಫ್’ ಅಂದರೆ ನೋಡಿಕೊಳ್ಳುವವರು. ‘ಇನ್ ದಿ ಚಾರ್ಜ್ ಆಫ್’ ಅಂದರೆ ನೋಡಿಕೊಳ್ಳಲ್ಪಡುವವರು. ಒಂದು ‘ದಿ’ ಬಿಟ್ಟುಹೋದರೆ ಮಗುವೇ ನರ್ಸಮ್ಮನನ್ನು ನೋಡಿಕೊಂಡಂತೆ ಆಗುತ್ತದೆ.

ಬ್ಯಾಂಕಿನವರು ಹೊಲದ ಮ್ಯಾಲ ‘ಚಾರ್ಜ್ ಕ್ರಿಯೇಟ್’ ಮಾಡ್ತೀವಿ ಅಂದ್ರು. ಹೊಲ ಹೋತೇನು?

ಹೊಲ ಹೋಗಲಿಲ್ಲ. ಬೋಜಾ ಕೂತಿತು, ಅಷ್ಟೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಅಡಮಾನ ಬೇರೆ (ಕಲಂ 58), ಚಾರ್ಜ್ ಬೇರೆ (ಕಲಂ 100). ಅಡಮಾನದಲ್ಲಿ ಸ್ವತ್ತಿನ ಒಂದು ಹಕ್ಕು ಸಾಲ ಕೊಟ್ಟವರಿಗೆ ದಾಟುತ್ತದೆ. ಚಾರ್ಜ್‌ನಲ್ಲಿ ದಾಟುವುದಿಲ್ಲ, ಸಾಲಕ್ಕೆ ಆ ಹೊಲ ಜಾಮೀನಾಗಿ ನಿಲ್ಲುತ್ತದೆ. ಆದರೆ ಚಾರ್ಜ್ ಇರುವ ಸಂಗತಿ ಗೊತ್ತಿಲ್ಲದೆ ದುಡ್ಡು ಕೊಟ್ಟು ಕೊಂಡವನ ಮೇಲೆ ಅದನ್ನು ಸಾಮಾನ್ಯವಾಗಿ ಹೇರಲಾಗದು. ಅದಕ್ಕೇ ಉತಾರದ 11ನೇ ಕಾಲಮ್ಮಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ, ಅದನ್ನು ಏರಿಸಲು ಬ್ಯಾಂಕಿನವರು ಅವಸರ ಮಾಡುವುದು. ಬೆಳೆಸಾಲಕ್ಕೆ 1974ರ ಕರ್ನಾಟಕ ಕೃಷಿ ಸಾಲ ಕಾಯ್ದೆಯಡಿ ರೈತ ಕೊಡುವ ಘೋಷಣೆಯಿಂದಲೇ ಚಾರ್ಜ್ ಹುಟ್ಟುತ್ತದೆ.

ನಮ್ಮ ಕಡೆ ತೊಂದರೆ ಆಗುವುದು ಏರಿಸುವಾಗಲ್ಲ, ಇಳಿಸುವಾಗ. ಸಾಲ ತೀರಿದರೆ ಬೋಜಾ ತಾನಾಗಿ ಇಳಿಯುತ್ತದೆ ಎಂದು ಸುಮ್ಮನಿರುತ್ತಾರೆ. ಹತ್ತು ವರ್ಷದ ನಂತರ ಅಣ್ಣತಮ್ಮಂದಿರ ವಾಟ್ನಿ ಅಥವಾ ಮಾರಾಟದ ಹೊತ್ತಿಗೆ ಅದೇ ಹಳೇ ಸಾಲ ಉತಾರದಲ್ಲಿ ಎದ್ದು ಕೂರುತ್ತದೆ. ಸಾಲ ತೀರಿದ ದಿನವೇ ಬ್ಯಾಂಕಿನಿಂದ ಅಥವಾ ಸೊಸೈಟಿಯಿಂದ ಬೇಬಾಕಿ ಪತ್ರ ತೆಗೆದುಕೊಳ್ಳಿ. ಅದರಲ್ಲಿ ಸರ್ವೆ ನಂಬರ್, ಹಿಸ್ಸಾ ಉತಾರದಲ್ಲಿರುವ ಹಾಗೆಯೇ ಇರಲಿ. ಹಿಸ್ಸಾ ತಪ್ಪಿದ್ದಕ್ಕೇ ಅರ್ಜಿ ತಿರಸ್ಕಾರವಾಗುವುದುಂಟು. ನೋಂದಾಯಿತ ಅಡಮಾನವಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬಿಡುಗಡೆ ಪತ್ರವೂ ಆಗಬೇಕು. ಆಮೇಲೆ ಬೋಜಾ ಕಮ್ಮಿ ಮಾಡಲು ಅರ್ಜಿ, ಮ್ಯುಟೇಶನ್, ಹೊಸ ಉತಾರ ತೆಗೆದು 11ನೇ ಕಾಲಮ್ ಖಾಲಿಯಿದೆಯೇ ಎಂದು ಕಣ್ಣಾರೆ ನೋಡುವುದು. ಹೊಲ ಕೊಳ್ಳುವವರು ಉತಾರ, ಋಣಭಾರ ಪತ್ರ ಎರಡನ್ನೂ ತೆಗೆಸಿ ನೋಡಬೇಕು. ‘ಋಣಭಾರ’ ಅನ್ನುವಲ್ಲೂ ಅದೇ ಭಾರ ಇದೆ ನೋಡಿ.

ಚಾರ್ಜ್‌ಶೀಟ್ ಹಾಕ್ಯಾರ ಅಂದ್ರ ತಪ್ಪು ಸಾಬೀತಾತು ಅಂತನಾ?

ಇಲ್ಲ. ಚಾರ್ಜ್‌ಶೀಟ್ ಪೊಲೀಸರದು, ಚಾರ್ಜ್ ಕೋರ್ಟಿನದು, ತೀರ್ಪು ಇನ್ನೂ ದೂರ. ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಕೊನೆಯ ವರದಿಯೇ ದೋಷಾರೋಪ ಪಟ್ಟಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಂ 193, ಹಳೆಯ ಸಂಹಿತೆಯಲ್ಲಿ 173. ಪುರಾವೆ ಸಿಗದಿದ್ದರೆ ‘ಬಿ ರಿಪೋರ್ಟ್’ ಹಾಕುತ್ತಾರೆ. ಪಟ್ಟಿ ಓದಿ ನ್ಯಾಯಾಧೀಶರಿಗೆ ವಿಚಾರಣೆಗೆ ಆಧಾರವಿದೆ ಅನಿಸಿದರೆ ಆಗ ‘ಚಾರ್ಜ್ ಫ್ರೇಮ್’, ಅಂದರೆ ಇಂಥ ದಿನ, ಇಂಥ ಜಾಗದಲ್ಲಿ, ಇಂಥ ಕಲಮಿನ ಅಪರಾಧ ಎಂದು ಬರೆದು ಆರೋಪಿಗೆ ಓದಿ ಹೇಳಿ ‘ಒಪ್ಪುತ್ತೀರಾ?’ ಎಂದು ಕೇಳುವುದು. ಆಧಾರವೇ ಇಲ್ಲ ಅನಿಸಿದರೆ ‘ಡಿಸ್‌ಚಾರ್ಜ್’. ಇದು ಖುಲಾಸೆಗಿಂತ ಬೇರೆ: ಖುಲಾಸೆ ವಿಚಾರಣೆ ನಡೆದ ಮೇಲಿನ ತೀರ್ಪು, ಡಿಸ್‌ಚಾರ್ಜ್ ವಿಚಾರಣೆಗೆ ಮುಂಚೆಯೇ ಹೊರೆ ಇಳಿಸುವುದು.

ಆರೋಪಿ ಜೈಲಿನಲ್ಲಿದ್ದಾಗ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ 90, ಉಳಿದವಕ್ಕೆ 60. ದಿನ ಎಣಿಸುವುದು ಬಂಧಿಸಿದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲು ರಿಮಾಂಡ್ ಮಾಡಿದ ದಿನದಿಂದ. ಅವಧಿ ಮುಗಿದರೂ ಅರ್ಜಿ ಹಾಕದೆ ಕುಳಿತು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು.

ಇಂಗ್ಲಿಷಿನಲ್ಲಿ ‘ಚಾರ್ಜ್ಡ್ ವಿತ್ ಥೆಫ್ಟ್’, ಆದರೆ ‘ಅಕ್ಯೂಸ್ಡ್ ಆಫ್ ಥೆಫ್ಟ್’. ಪರೀಕ್ಷೆಗಳಲ್ಲಿ ಈ ವಿತ್-ಆಫ್ ಅದಲುಬದಲು ಮಾಡಿ ಕೇಳುವುದು ಹಳೇ ಚಾಳಿ.

ಇಲಾಖೆಯವರು ಕೊಡೋ ಚಾರ್ಜ್‌ಶೀಟ್?

ಅದಕ್ಕೂ ಪೊಲೀಸರಿಗೂ ಸಂಬಂಧವಿಲ್ಲ. ರಾಜ್ಯ ನೌಕರರಿಗೆ 1957ರ ಸಿಸಿಎ (ಶಿಸ್ತುಕ್ರಮದ) ನಿಯಮಗಳಡಿ ಕೊಡುವ ದೋಷಾರೋಪಣೆ ಅದು. ಅದರಲ್ಲಿ ತಿಳಿಸಿದ ಗಡುವಿನೊಳಗೆ ಲಿಖಿತ ಉತ್ತರ ಕೊಡಬೇಕು. ಒಂದೊಂದು ಆರೋಪಕ್ಕೂ ಬೇರೆಬೇರೆಯಾಗಿ. ‘ಎಲ್ಲ ಆರೋಪ ಸುಳ್ಳು’ ಎಂಬ ಒಂದು ಸಾಲಿನ ಉತ್ತರ ಯಾರನ್ನೂ ಉಳಿಸಿಲ್ಲ.

ಲಾಠಿ ಚಾರ್ಜಿನ್ಯಾಗ ಏನು ಹೇರತಾರ?

ಬೆನ್ನಿಗೆ ಏಟು ಎಂದು ಚೇಷ್ಟೆ ಮಾಡಬಹುದು. ನಿಜವಾಗಿ ಇದು ಮೈಮೇಲೆ ನುಗ್ಗುವ ಚಾರ್ಜ್, ಕುದುರೆ ಪಡೆ ಶತ್ರುವಿನ ಮೇಲೆ ಏರಿಹೋಗುವ ಯುದ್ಧದ ಮಾತು. ಹೋರಿ ಕೊಂಬು ತಗ್ಗಿಸಿ ನುಗ್ಗಿದರೂ ‘ದಿ ಬುಲ್ ಚಾರ್ಜ್ಡ್ ಅಟ್ ಹಿಮ್’. ‘ಲಾಠಿ ಚಾರ್ಜ್’ ಅನ್ನುವುದು ಭಾರತದಲ್ಲೇ ಹುಟ್ಟಿದ ಇಂಗ್ಲಿಷ್.

ಆಲಮಟ್ಟಿ ‘ಡಿಸ್‌ಚಾರ್ಜ್’ ಒಂದು ಲಕ್ಷ ಕ್ಯೂಸೆಕ್ ಅಂತಾರ. ಅಂದ್ರ ಎಷ್ಟು ನೀರು?

ಇಲ್ಲಿ ಡಿಸ್‌ಚಾರ್ಜ್ ಅಂದರೆ ಹೊರಹರಿವು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್, ಎರಡು ಕೊಡಕ್ಕಿಂತ ತುಸು ಕಡಿಮೆ. ಒಂದು ಲಕ್ಷ ಕ್ಯೂಸೆಕ್ ಒಂದು ಇಡೀ ದಿನ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಆಲಮಟ್ಟಿ 519.60 ಮೀಟರಿಗೆ ತುಂಬಿದಾಗ ಸುಮಾರು 123 ಟಿಎಂಸಿ. ಒಳಹರಿವೇ ಇಲ್ಲದೆ ಹಾಗೆ ಬಿಟ್ಟರೆ ಹದಿನಾಲ್ಕು ದಿನದಲ್ಲಿ ಬರಿದಾಗುತ್ತದೆ. ಹೊಳೆಸಾಲಿನವರು ಹೊರಹರಿವಿನ ಜೊತೆ ಒಳಹರಿವನ್ನೂ ನೋಡಬೇಕು: ಮಹಾರಾಷ್ಟ್ರದ ಕಡೆ ಮಳೆ ಹಿಡಿದು ಒಳಹರಿವು ಏರುತ್ತಿದ್ದರೆ ಹೊರಹರಿವು ಹೆಚ್ಚುವುದು ಬರೇ ಹೊತ್ತಿನ ಮಾತು.

ಆಸ್ಪತ್ರೆಯ ಡಿಸ್‌ಚಾರ್ಜ್ ಬಿಡುಗಡೆ. ಬೋರ್‌ವೆಲ್ ‘ರೀಚಾರ್ಜ್’ ಅಂದರೆ ಮಳೆನೀರನ್ನು ಮರಳು, ಜಲ್ಲಿಯಲ್ಲಿ ಸೋಸಿ ನೆಲದೊಳಗೆ ಮತ್ತೆ ತುಂಬುವುದು. ಸೋಸದೆ ಕೆಸರು ನೀರನ್ನೇ ಕೇಸಿಂಗ್ ಒಳಗೆ ಬಿಟ್ಟರೆ ಬೋರು ಹೂಳು ತುಂಬಿ ಕೆಡುತ್ತದೆ.

ಸ್ಪೆಲ್ಲಿಂಗ್‌ನಾಗ ಕಡೀ ‘ಇ’ ಯಾವಾಗ ಇರಬೇಕು, ಯಾವಾಗ ಹೋಗಬೇಕು?

‘ಐ-ಎನ್-ಜಿ’ ಸೇರಿಸಿದಾಗ ‘ಇ’ ಬಿಡಿ: ಚಾರ್ಜಿಂಗ್. ‘ಎ-ಬಿ-ಎಲ್-ಇ’ ಸೇರಿಸಿದಾಗ ಇಟ್ಟುಕೊಳ್ಳಿ: ಚಾರ್ಜೆಬಲ್. ಇಂಗ್ಲಿಷಿನಲ್ಲಿ ‘ಜಿ’ ಮುಂದೆ ‘ಇ’ ಅಥವಾ ‘ಐ’ ಬಂದರೆ ಸಾಮಾನ್ಯವಾಗಿ ‘ಜ’ ಉಚ್ಚಾರ, ‘ಎ’ ಬಂದರೆ ‘ಗ’. ‘ಇ’ ತೆಗೆದರೆ ಅದು ‘ಚಾರ್ಗೆಬಲ್’ ಆಗಿಬಿಡುತ್ತದೆ.